ಪ್ಲಾಟ್‌ಫಾರಂನಿಂದ ಬೋಗಿಗೆ: ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಭಾಗದಲ್ಲಿ ವಿಕಲಚೇತನರ ರೈಲು ಪ್ರವೇಶ ಕುರಿತ ಟಿಪ್ಪಣಿ

1. ವ್ಯಾಪ್ತಿ

ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಮೂರು ರೈಲು ಮಾರ್ಗಗಳು ಮುಟ್ಟುತ್ತವೆ. ಬೆಂಗಳೂರು–ಮೈಸೂರು ಮಾರ್ಗದಲ್ಲಿ ಪಾಂಡವಪುರ ಮತ್ತು ಶ್ರೀರಂಗಪಟ್ಟಣ ನಿಲ್ದಾಣಗಳಿವೆ. ಮೈಸೂರು–ಅರಸೀಕೆರೆ ಮಾರ್ಗದ ಅಕ್ಕಿಹೆಬ್ಬಾಳು ಮತ್ತು ಮಂದಗೆರೆ ನಿಲ್ದಾಣಗಳು ಕೃಷ್ಣರಾಜಪೇಟೆ ತಾಲ್ಲೂಕಿಗೆ ಸೇರಿವೆ. ಬೆಂಗಳೂರು–ಹಾಸನ ಮಾರ್ಗದ ಬಿ.ಜಿ. ನಗರ ನಿಲ್ದಾಣ ನಾಗಮಂಗಲ ತಾಲ್ಲೂಕಿನಲ್ಲಿದೆ. ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದ ಪಾಂಡವಪುರದಲ್ಲಿ ನಿಲ್ದಾಣವಿದೆ, ಆದರೆ ಅದು ಊರಿನಿಂದ ಸುಮಾರು 5 ಕಿ.ಮೀ. ದೂರ. ಸುತ್ತಲಿನವರು ‘ಪಾಂಡವಪುರ’ ಎಂದರೆ ಊರು, ‘ಸ್ಟೇಷನ್’ ಎಂದರೆ ಬೇರೆಯೇ ಒಂದು ಜಾಗ. ಶ್ರೀರಂಗಪಟ್ಟಣದ ನಿಲ್ದಾಣ ಕೋಟೆಯೊಳಗೇ ಇದೆ. ಹೀಗಾಗಿ ಬಾಬುರಾಯನಕೊಪ್ಪಲಿನಂಥ ಹೆದ್ದಾರಿ ಬದಿಯ ಹಳ್ಳಿಯವರಿಗೆ ಎರಡು ನಿಲ್ದಾಣಗಳೂ ಆಟೊ ಅಥವಾ ಬಸ್ಸಿನ ದೂರದಲ್ಲಿವೆ. ಗಾಲಿಕುರ್ಚಿ ಬಳಸುವವರಿಗೆ ರೈಲು ಪ್ರಯಾಣದ ಮೊದಲ ಹಂತವೇ ರಸ್ತೆ ಪ್ರಯಾಣ.

ಈ ಟಿಪ್ಪಣಿಯ ಪರಿಶೀಲನೆ ಮೂರು ಬಗೆಯ ಆಧಾರಗಳಿಗೆ ಸೀಮಿತವಾಗಿದೆ: ಕಾಯ್ದೆ ಮತ್ತು ನಿಯಮಗಳ ಪಠ್ಯ, ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಅಳತೆಪಟ್ಟಿ, ಪ್ರಯಾಣಿಕ ಸೌಲಭ್ಯ ಹಾಗೂ ರಿಯಾಯಿತಿ ಕುರಿತ ರೈಲ್ವೆ ಆದೇಶಗಳು. ಪ್ರಶ್ನೆ ಒಂದೇ: ನಿಲ್ದಾಣವೂ ನಿಯಮಬದ್ಧ, ಬೋಗಿಯೂ ನಿಯಮಬದ್ಧ ಎಂದು ಒಪ್ಪಿಕೊಂಡರೂ ಒಂದರಿಂದ ಇನ್ನೊಂದಕ್ಕೆ ದಾಟುವುದು ಸಾಧ್ಯವೇ? ರಾಜ್ಯ ಸರ್ಕಾರದ ಬಳಕೆಯಂತೆ ಇಲ್ಲಿ ‘ವಿಕಲಚೇತನ’ ಎಂಬ ಪದವನ್ನು ಇಟ್ಟುಕೊಳ್ಳಲಾಗಿದೆ.

2. ಪ್ರಯಾಣದ ಅಗತ್ಯ

ಈ ಭಾಗದ ವಿಕಲಚೇತನರಿಗೆ ಮೈಸೂರು ಕೇವಲ ಪಕ್ಕದ ಪಟ್ಟಣವಲ್ಲ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1991ರ ಜೆಎಸ್ಎಸ್ ವಿಕಲಚೇತನರ ಪಾಲಿಟೆಕ್ನಿಕ್, ಕಿವುಡ ಮತ್ತು ಅಂಧ ಮಕ್ಕಳ ಸರ್ಕಾರಿ ಶಾಲೆ, ಕೆ.ಆರ್. ಆಸ್ಪತ್ರೆ, ಇವೆಲ್ಲ ಅಲ್ಲಿವೆ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 14 ಕಿ.ಮೀ. ನಾಗಮಂಗಲ ತಾಲ್ಲೂಕಿನ ದಿಕ್ಕು ಬೇರೆ: ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಿ.ಜಿ. ನಗರದಲ್ಲೇ ಇರುವುದರಿಂದ ಅಲ್ಲಿ ರೋಗಿಗಳು ಹೊರಡುವುದಕ್ಕಿಂತ ಬಂದಿಳಿಯುವುದು ಹೆಚ್ಚಿರಬಹುದು.

ಸಂಖ್ಯೆಯ ಬಗ್ಗೆ ಎಚ್ಚರ ಬೇಕು. 2011ರ ಜನಗಣತಿ ಕರ್ನಾಟಕದಲ್ಲಿ 13,24,205 ವಿಕಲಚೇತನರನ್ನು ಎಣಿಸಿತು. ಅದು ರಾಜ್ಯದ ಜನಸಂಖ್ಯೆಯ ಸುಮಾರು ಶೇ 2.17. ಮಂಡ್ಯ ಜಿಲ್ಲೆಯ ಅಂದಿನ ಜನಸಂಖ್ಯೆಗೆ (18,05,769) ಇದೇ ಪ್ರಮಾಣವನ್ನು ಅನ್ವಯಿಸಿದರೆ 39 ಸಾವಿರದ ಆಸುಪಾಸಿನ ಸಂಖ್ಯೆ ಸಿಗುತ್ತದೆ. ಇದು ಅಂದಾಜೇ ಹೊರತು ಎಣಿಕೆಯಲ್ಲ. ಆ ಗಣತಿ ಅನುಸರಿಸಿದ್ದು 8 ವರ್ಗಗಳನ್ನು. ಅದಕ್ಕೂ ಇಂದಿನ ಕಾಯ್ದೆಯ ವರ್ಗೀಕರಣಕ್ಕೂ ತಾಳೆಯಿಲ್ಲ; ಈ ವಿಷಯ 9ನೇ ವಿಭಾಗದಲ್ಲಿ ಮತ್ತೆ ಬರುತ್ತದೆ.

3. ಕಾಯ್ದೆಗಳ ಕಾಲಾನುಕ್ರಮ

1995ರ ಅಂಗವಿಕಲರ ಕಾಯ್ದೆ 1996ರ ಫೆಬ್ರುವರಿ 7ರಂದು ಜಾರಿಗೆ ಬಂತು. ಅದರ 44ನೇ ಕಲಮು ರೈಲು ಬೋಗಿಗಳನ್ನು ಸುಲಭ ಪ್ರವೇಶಕ್ಕೆ ಒಗ್ಗಿಸಬೇಕು, ಬೋಗಿ ಮತ್ತು ನಿರೀಕ್ಷಣಾ ಕೊಠಡಿಗಳ ಶೌಚಾಲಯಗಳನ್ನು ಗಾಲಿಕುರ್ಚಿಗೆ ಅನುಕೂಲವಾಗುವಂತೆ ಮಾರ್ಪಡಿಸಬೇಕು ಎಂದಿತು. 45ನೇ ಕಲಮು ಇನ್ನೂ ನಿರ್ದಿಷ್ಟವಾಗಿತ್ತು. ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ ತಿಳಿಯುವಂತೆ ರೈಲ್ವೆ ಪ್ಲಾಟ್‌ಫಾರಂನ ಅಂಚಿನಲ್ಲಿ ಕೆತ್ತನೆ ಇರಬೇಕು ಎಂಬ ಮಾತು ಅದರಲ್ಲಿ ನೇರವಾಗಿಯೇ ಇತ್ತು. ಆದರೆ ಎರಡೂ ಕಲಮುಗಳಿಗೆ ‘ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ’ ಎಂಬ ಷರತ್ತು ಅಂಟಿಕೊಂಡಿತ್ತು, ಗಡುವು ಇರಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 2(ಡಬ್ಲ್ಯು) ಕಲಮು ‘ಸಾರ್ವಜನಿಕ ಕಟ್ಟಡ’ದ ವ್ಯಾಖ್ಯೆಯಲ್ಲಿ ರೈಲ್ವೆ ನಿಲ್ದಾಣ ಮತ್ತು ಪ್ಲಾಟ್‌ಫಾರಂಗಳನ್ನು ಹೆಸರಿಸಿಯೇ ಸೇರಿಸುತ್ತದೆ. 45ನೇ ಕಲಮಿನ ಪ್ರಕಾರ ಅಸ್ತಿತ್ವದಲ್ಲಿರುವ ಸಾರ್ವಜನಿಕ ಕಟ್ಟಡಗಳೆಲ್ಲ ನಿಯಮಗಳು ಪ್ರಕಟವಾದಂದಿನಿಂದ 5 ವರ್ಷ ಮೀರದಂತೆ ಪ್ರವೇಶಯೋಗ್ಯವಾಗಬೇಕು. ನಿಯಮಗಳು 2017ರ ಜೂನ್ 15ರಂದು ಪ್ರಕಟವಾದವು. ಈ ಲೆಕ್ಕದಲ್ಲಿ ಗಡುವು 2022ರ ಜೂನ್ ಮಧ್ಯಭಾಗ.

ಬೋಗಿಯ ಸ್ಥಿತಿ ಹೀಗಿಲ್ಲ. 41ನೇ ಕಲಮು ಹಳೆಯ ವಾಹನಗಳ ಮಾರ್ಪಾಡಿಗೆ ‘ತಾಂತ್ರಿಕವಾಗಿ ಸಾಧ್ಯವಿದ್ದಲ್ಲಿ, ಆರ್ಥಿಕವಾಗಿ ಕಾರ್ಯಸಾಧ್ಯವಿದ್ದಲ್ಲಿ, ವಿನ್ಯಾಸದಲ್ಲಿ ದೊಡ್ಡ ಬದಲಾವಣೆ ಬೇಡವಾದಲ್ಲಿ’ ಎಂಬ ಆಶಯದ ಮಿತಿಗಳನ್ನು ಹಾಕುತ್ತದೆ. 2017ರ ನಿಯಮಗಳ 15ನೇ ನಿಯಮವನ್ನು ನೋಡಿದರೆ ಇನ್ನೊಂದು ಕೊರತೆ ಕಾಣುತ್ತದೆ. ಮೊದಲು ಪ್ರಕಟವಾದ ರೂಪದಲ್ಲಿ ಅದು ಕಟ್ಟಡಗಳಿಗೆ ನಗರಾಭಿವೃದ್ಧಿ ಸಚಿವಾಲಯದ ಸಮನ್ವಿತ ಮಾರ್ಗಸೂಚಿಯನ್ನು, ಸಾರಿಗೆಗೆ ಬಸ್ ಬಾಡಿ ಕೋಡನ್ನು ಮಾನದಂಡವಾಗಿ ಹೆಸರಿಸುತ್ತದೆ. ಸಾರಿಗೆಯ ಬಾಬಿನಲ್ಲಿ ರೈಲು ಬೋಗಿಯ ಪ್ರಸ್ತಾಪ ಇಲ್ಲ. ನಿಲ್ದಾಣಗಳಿಗೇ ಮೀಸಲಾದ ರೈಲ್ವೆ ಮಾರ್ಗಸೂಚಿ ಬಂದದ್ದು ಅನಂತರ. ಸಣ್ಣದಾದರೂ ನಮೂದಿಸಬೇಕಾದ ಒಂದು ವ್ಯತ್ಯಾಸ: ನಿಯಮವು ಸಮನ್ವಿತ ಮಾರ್ಗಸೂಚಿಯನ್ನು 2016ರ ಮಾರ್ಚ್‌ನದೆಂದು ಉಲ್ಲೇಖಿಸುತ್ತದೆ, ಆ ಪುಸ್ತಕದ ಮುಖಪುಟದ ಮೇಲಿರುವುದು 2016ರ ಫೆಬ್ರುವರಿ.

ಇನ್ನೊಂದು ನಷ್ಟ ಪಠ್ಯದ ಹೋಲಿಕೆಯಿಂದ ಮಾತ್ರ ಗೊತ್ತಾಗುತ್ತದೆ. ಪ್ಲಾಟ್‌ಫಾರಂ ಅಂಚಿನ ಕೆತ್ತನೆ 1995ರಲ್ಲಿ ಕಾಯ್ದೆಯ ಮೂಲಪಠ್ಯದಲ್ಲೇ ಇತ್ತು. 2016ರ ಕಾಯ್ದೆಯಲ್ಲಿ ಆ ಮಾತಿಲ್ಲ. ಅದು ಮಾನದಂಡ, ಮಾರ್ಗಸೂಚಿಗಳ ಮಟ್ಟಕ್ಕೆ ಇಳಿದಿದೆ. ರಾಜೀವ್ ರತೂರಿ ಪ್ರಕರಣದಲ್ಲಿ (ಅರ್ಜಿ 2005ರದು, ಮೊದಲ ವಿಸ್ತೃತ ನಿರ್ದೇಶನಗಳು 2017ರ ಡಿಸೆಂಬರ್ 15ರಂದು) ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು 15(1)ನೇ ನಿಯಮವನ್ನು ಕಾಯ್ದೆಗೆ ವಿರುದ್ಧವೆಂದು ಹೇಳಿತು. ಕಾಯ್ದೆ ಕಡ್ಡಾಯ ನಿಯಮಗಳನ್ನು ಬಯಸಿದರೆ 15(1) ಕೊಟ್ಟದ್ದು ಶಿಫಾರಸಿನ ಸ್ವರೂಪದ ಮಾರ್ಗಸೂಚಿಗಳನ್ನು ಎಂಬುದು ಕಾರಣ. ಕಡ್ಡಾಯವಾದ ಕನಿಷ್ಠ ಮಾನದಂಡಗಳನ್ನು ಬೇರ್ಪಡಿಸಿ ರೂಪಿಸಲು ಕೇಂದ್ರಕ್ಕೆ 3 ತಿಂಗಳ ಅವಧಿ ಕೊಡಲಾಯಿತು. ಹಾಗಾದರೆ 2022ಕ್ಕೆ ಮುಗಿದ ಐದು ವರ್ಷದ ಗಡುವು ಯಾವ ಕಡ್ಡಾಯ ಮಾನದಂಡಕ್ಕೆ ಸಂಬಂಧಿಸಿದ್ದು ಎಂಬ ಪ್ರಶ್ನೆ ಕಾನೂನು ಓದುಗರಿಗೆ ಉಳಿಯುತ್ತದೆ.

4. ಬಿ.ಜಿ. ನಗರ: 24 ದಿನಗಳ ಅಂತರ

ಬೆಂಗಳೂರು–ಹಾಸನ ಮಾರ್ಗ ಕುಣಿಗಲ್, ಶ್ರವಣಬೆಳಗೊಳದ ಮೂಲಕ ಪೂರ್ಣವಾಗಿ ಪ್ರಯಾಣಿಕರಿಗೆ ತೆರೆದದ್ದು 2017ರ ಮಾರ್ಚ್ 26ರಂದು. 2016ರ ಕಾಯ್ದೆ ಜಾರಿಗೆ ಬಂದದ್ದು ಏಪ್ರಿಲ್ 19ರಂದು. ನಡುವೆ ಇರುವುದು 24 ದಿನ.

ಈ ಅಂತರಕ್ಕೆ ಕಾನೂನಿನ ದೃಷ್ಟಿಯಲ್ಲಿ ಮಹತ್ವವಿದೆ. 2016ರ ಕಾಯ್ದೆಯ 44ನೇ ಕಲಮು ಹೊಸ ಕಟ್ಟಡದ ನಕ್ಷೆ ನಿಯಮಗಳಿಗೆ ಹೊಂದದಿದ್ದರೆ ಅನುಮತಿಯನ್ನೂ ಪೂರ್ಣತಾ ಪ್ರಮಾಣಪತ್ರವನ್ನೂ ಕೊಡಬಾರದು ಎನ್ನುತ್ತದೆ. ಬಿ.ಜಿ. ನಗರ ನಿಲ್ದಾಣ ಆ ಕಲಮಿನ ವ್ಯಾಪ್ತಿಗೆ ಬರಲಿಲ್ಲ. ತಿಂಗಳೂ ತುಂಬದ ನಿಲ್ದಾಣ ಏಪ್ರಿಲ್ 19ರ ಬೆಳಿಗ್ಗೆ ‘ಅಸ್ತಿತ್ವದಲ್ಲಿರುವ ಕಟ್ಟಡ’ವಾಯಿತು, 1881–82ರಲ್ಲಿ ತೆರೆದ ಮಾರ್ಗದ ಶ್ರೀರಂಗಪಟ್ಟಣ ನಿಲ್ದಾಣಕ್ಕೆ ಅನ್ವಯಿಸುವ ಐದು ವರ್ಷದ ಅವಧಿಯೇ ಅದಕ್ಕೂ ಅನ್ವಯವಾಯಿತು. ಇದರಲ್ಲಿ ಉದ್ದೇಶವನ್ನು ಹುಡುಕುವುದು ಸರಿಯಲ್ಲ. ಈ ಯೋಜನೆ ಮಂಜೂರಾದದ್ದು 1990ರ ದಶಕದಲ್ಲಿ, ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 2016ರ ಡಿಸೆಂಬರ್ 27ರಂದು. ಎರಡೂ ತಮ್ಮತಮ್ಮ ಗತಿಯಲ್ಲಿ ನಡೆದವು. ಆದರೂ ಅದೇ ಮಾರ್ಗದ ಯೋಜನಾವಧಿಯಲ್ಲಿ 1995ರ ಕಾಯ್ದೆ, ಅದರ ಪ್ಲಾಟ್‌ಫಾರಂ ಅಂಚಿನ ಕಲಮಿನ ಸಮೇತ, ಬಹುಪಾಲು ಜಾರಿಯಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ.

5. ಎತ್ತರದ ಲೆಕ್ಕ

ವಿಷಯದ ತಿರುಳು ಇರುವುದು ಇಲ್ಲಿ. ಬ್ರಾಡ್‌ಗೇಜ್ ಅಳತೆಪಟ್ಟಿಯ ಪ್ರಕಾರ ಹಳಿಯ ಮೇಲ್ಮಟ್ಟದಿಂದ ಎತ್ತರದ ಪ್ಲಾಟ್‌ಫಾರಂ 760ರಿಂದ 840 ಮಿ.ಮೀ. ಇರಬೇಕು. ತಗ್ಗಿನ ಪ್ಲಾಟ್‌ಫಾರಂನ ಗರಿಷ್ಠ ಎತ್ತರ 455 ಮಿ.ಮೀ. ಇವೆರಡೂ ಇಲ್ಲದ ಕಡೆ ಹಳಿಮಟ್ಟದ ಪ್ಲಾಟ್‌ಫಾರಂ. ಬೋಗಿಯ ನೆಲದ ಎತ್ತರ ಖಾಲಿ ಇದ್ದಾಗ ಗರಿಷ್ಠ 1345 ಮಿ.ಮೀ., ತುಂಬಿದಾಗ ಕನಿಷ್ಠ 1145 ಮಿ.ಮೀ.

ಕಳೆದು ನೋಡೋಣ. ಪ್ಲಾಟ್‌ಫಾರಂ 840, ಬೋಗಿಯ ನೆಲ 1145 ಇರುವ ಅತ್ಯಂತ ಅನುಕೂಲದ ಸಂದರ್ಭದಲ್ಲೂ ವ್ಯತ್ಯಾಸ 305 ಮಿ.ಮೀ., ಅಂದರೆ ಒಂದು ಅಡಿ. ಪ್ಲಾಟ್‌ಫಾರಂ 760, ನೆಲ 1345 ಇದ್ದರೆ 585 ಮಿ.ಮೀ. ಗರಿಷ್ಠ ಎತ್ತರದ ತಗ್ಗಿನ ಪ್ಲಾಟ್‌ಫಾರಂನಿಂದ ಅದು 690ರಿಂದ 890 ಮಿ.ಮೀ. ಹಳಿಮಟ್ಟದಿಂದಾದರೆ ಬೋಗಿಯ ನೆಲದ ಪೂರ್ಣ ಎತ್ತರವನ್ನೇ ಏರಬೇಕು. ಗಮನಿಸಬೇಕಾದ್ದು, ಈ ಯಾವ ಅಂಕಿಯೂ ನಿಯಮೋಲ್ಲಂಘನೆಯಲ್ಲ. 585 ಮಿ.ಮೀ. ವ್ಯತ್ಯಾಸವಿರುವ ಕಡೆ ಪ್ಲಾಟ್‌ಫಾರಂ ಅಳೆಯುವ ಎಂಜಿನಿಯರ್ ‘ಸರಿ’ ಎಂದು ಬರೆಯುತ್ತಾರೆ, ಬೋಗಿ ಅಳೆಯುವವರೂ ‘ಸರಿ’ ಎಂದೇ ಬರೆಯುತ್ತಾರೆ. ಗಾಲಿಕುರ್ಚಿಯ ಪ್ರಯಾಣಿಕರನ್ನು ಇಬ್ಬರು ಮೂವರು ಎತ್ತಿ ಒಳಗಿಡುತ್ತಾರೆ.

ಸಮನ್ವಿತ ಮಾರ್ಗಸೂಚಿ ಒಪ್ಪುವ ಅತಿ ಹೆಚ್ಚಿನ ಇಳಿಜಾರು 1:12. ಒಯ್ದು ಹಾಸುವ ರ‍್ಯಾಂಪಿಗೆ ಈ ಪ್ರಮಾಣ ಹಿಡಿದರೆ 305 ಮಿ.ಮೀ. ಏರಿಕೆಗೆ 3.66 ಮೀ., 585ಕ್ಕೆ 7.02 ಮೀ., 690ಕ್ಕೆ 8.28 ಮೀ. ಉದ್ದ ಬೇಕು. ಏಳು ಮೀಟರಿನ ರ‍್ಯಾಂಪನ್ನು ಬೋಗಿಯ ಬಾಗಿಲಿಗೆ ಅಡ್ಡಲಾಗಿ ಹಾಸುವಷ್ಟು ಅಗಲ ಸಣ್ಣ ನಿಲ್ದಾಣಗಳ ಪ್ಲಾಟ್‌ಫಾರಂಗೆ ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೂ ಒಂದೆರಡು ನಿಮಿಷದ ನಿಲುಗಡೆಯಲ್ಲಿ ಹಾಸಿ, ಹತ್ತಿಸಿ, ತೆಗೆಯುವುದು ಕಷ್ಟ. ಎರಡು ಮೀಟರಿನ ರ‍್ಯಾಂಪ್ ಬಳಸಿದರೆ ಅತಿ ಕಡಿಮೆ ಏರಿಕೆಯಲ್ಲೂ ಇಳಿಜಾರು ಸುಮಾರು 1:6.6 ಆಗುತ್ತದೆ, ಸಹಾಯಕರಿಲ್ಲದೆ ಅದನ್ನು ಏರುವುದು ಕ್ಷೇಮವಲ್ಲ.

ಮೇಲಿನ ಅಂಕಿಗಳು ಕಾಗದದವು. ನಿಜದ ಅಳತೆ ಎರಡು ಕಾರಣಗಳಿಗಾಗಿ ಬದಲಾಗುತ್ತಲೇ ಇರುತ್ತದೆ. ಹೊಸ ಚಕ್ರದ ವ್ಯಾಸ 915 ಮಿ.ಮೀ.; ಚಕ್ರ ಸವೆದಂತೆ, ಸ್ಪ್ರಿಂಗ್ ಕುಸಿದಂತೆ ಬೋಗಿಯ ನೆಲ ತಗ್ಗುತ್ತದೆ. ಹಳಿಯ ಕೆಳಗೆ ಜಲ್ಲಿ ತುಂಬಿ ಬಿಗಿ ಮಾಡಿದಂತೆ ಹಳಿಯ ಮಟ್ಟ ಏರುತ್ತದೆ, ಪ್ಲಾಟ್‌ಫಾರಂ ಅಲ್ಲೇ ಉಳಿಯುತ್ತದೆ. ಮೊದಲನೆಯದು ವ್ಯತ್ಯಾಸವನ್ನು ತಗ್ಗಿಸಿದರೆ ಎರಡನೆಯದು ಹೆಚ್ಚಿಸುತ್ತದೆ. ಆದ್ದರಿಂದ ‘ಎತ್ತರದ ಪ್ಲಾಟ್‌ಫಾರಂ ಇದೆ’ ಎಂಬ ನಿಲ್ದಾಣ ದಾಖಲೆಯ ನಮೂದನ್ನು ಅಳತೆಯೆಂದು ಓದಬಾರದು.

ಅಡ್ಡ ಅಂತರದ ಬಗ್ಗೆ ಒಂದು ಮಾತು ಸಾಕು. ಹಳಿಯ ಮಧ್ಯರೇಖೆಯಿಂದ ಎತ್ತರದ ಪ್ಲಾಟ್‌ಫಾರಂನ ಅಂಚಿಗೆ ಕನಿಷ್ಠ 1670 ಮಿ.ಮೀ. ಇರಬೇಕು. 3250 ಮಿ.ಮೀ. ಅಗಲದ ಬೋಗಿಗೆ ನೇರ ಹಳಿಯಲ್ಲಿ ಉಳಿಯುವ ಸಂದು 45 ಮಿ.ಮೀ., ತಿರುವಿನಲ್ಲಿ ಇನ್ನೂ ಹೆಚ್ಚು.

ಬೆಂಗಳೂರಿನಲ್ಲಿ ಮೆಟ್ರೊ 2011ರ ಅಕ್ಟೋಬರ್ 20ರಿಂದ ಓಡುತ್ತಿದೆ; ಅಲ್ಲಿ ಪ್ಲಾಟ್‌ಫಾರಂ ಮತ್ತು ಬೋಗಿಯ ನೆಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಹೋಲಿಕೆಗೆ ಮಿತಿಯಿದೆ. ಮೆಟ್ರೊ ಹಳಿಯ ಮೇಲೆ ಸರಕು ಗಾಡಿ ಓಡುವುದಿಲ್ಲ, ಒಂದೇ ಬಗೆಯ ಬೋಗಿ ಓಡುತ್ತದೆ. ಸರಕು ವ್ಯಾಗನ್ನುಗಳಿಗೂ ಬಗೆಬಗೆಯ ಬೋಗಿಗಳಿಗೂ ಎಡೆ ಕೊಡಬೇಕಾದ ಮಾರ್ಗದಲ್ಲಿ ಪ್ಲಾಟ್‌ಫಾರಂ ಎತ್ತರಿಸುವುದು ಬರೀ ಗಾರೆ ಕೆಲಸವಲ್ಲ ಎಂಬ ರೈಲ್ವೆಯ ವಾದದಲ್ಲಿ ಹುರುಳಿದೆ.

6. ಕೊನೆಯ ಬೋಗಿ

ಸಾಮಾನ್ಯ ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ವಿಕಲಚೇತನರಿಗೆ ಮೀಸಲಾದ ಭಾಗ ಇರುವುದು ಎಸ್‌ಎಲ್‌ಆರ್‌ಡಿ ಎಂಬ ಬೋಗಿಯಲ್ಲಿ. ಗಾರ್ಡಿನ ಕೋಣೆ, ಲಗೇಜು, ಎರಡನೇ ದರ್ಜೆಯ ಆಸನ ಒಟ್ಟಿಗಿರುವ ಬೋಗಿಯ ರೂಪ ಅದು. ಅಗಲದ ಬಾಗಿಲು, ಅಗಲದ ಬರ್ತು, ಕೈಹಿಡಿಗಳುಳ್ಳ ದೊಡ್ಡ ಶೌಚಾಲಯ ಅದರಲ್ಲಿವೆ. ಗಾರ್ಡಿನ ಕೋಣೆ ಇರುವುದರಿಂದಲೇ ಅದು ಗಾಡಿಯ ತುದಿಗೆ ಬರುತ್ತದೆ. ಅಂದರೆ ಹೆಚ್ಚು ನಡೆಯಲಾಗದವರು ನಿಲ್ದಾಣದ ಕಟ್ಟಡ, ಚಾವಣಿ, ನೀರಿನ ನಲ್ಲಿಗಳಿಂದ ಅತ್ಯಂತ ದೂರದ ಜಾಗಕ್ಕೆ ಹೋಗಿ ನಿಲ್ಲಬೇಕು.

ಬೋಗಿಯ ಬಗೆ ಬದಲಾದದ್ದರಿಂದ ಈ ತೊಂದರೆ ಇನ್ನೊಂದು ರೂಪ ಪಡೆದಿರುವ ಸಂಭವವಿದೆ. ಹಳೆಯ ಐಸಿಎಫ್ ಬೋಗಿಯ ಉದ್ದ ಕೊಂಡಿಗಳೂ ಸೇರಿ ಸುಮಾರು 22.3 ಮೀ., ಎಲ್‌ಎಚ್‌ಬಿ ಬೋಗಿಯದು ಸುಮಾರು 24 ಮೀ. 18 ಬೋಗಿಯ ಗಾಡಿ ಮೊದಲಿನ ಬಗೆಯಲ್ಲಿ 401 ಮೀ., ಎರಡನೆಯದರಲ್ಲಿ 432 ಮೀ. ಹೆಚ್ಚಳ 30 ಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದರೆ ಒಂದು ಬೋಗಿಗೂ ಮೀರಿದ ಉದ್ದ. ಪ್ಲಾಟ್‌ಫಾರಂ ಹಳೆಯ ಗಾಡಿಗೆ ಸರಿಯಾಗಿ ಸಾಲುತ್ತಿದ್ದ ಕಡೆ ಗಾಡಿಯ ಬಗೆ ಬದಲಾದರೆ ಮೊದಲು ಹೊರಗುಳಿಯುವುದು ತುದಿಯ ಬೋಗಿ. ಆಗ 5ನೇ ವಿಭಾಗದ 305 ಮಿ.ಮೀ. ಲೆಕ್ಕವೇ ಅಪ್ರಸ್ತುತವಾಗಿ ಹಳಿಮಟ್ಟದ ಲೆಕ್ಕ ಅನ್ವಯಿಸುತ್ತದೆ. ಮೆಮು ಗಾಡಿಗಳ ರಚನೆ ಬೇರೆ. ಅವುಗಳಲ್ಲಿ ಎಸ್‌ಎಲ್‌ಆರ್ ಬೋಗಿಯೇ ಇರುವುದಿಲ್ಲ. 2022ರ ನವೆಂಬರ್ 11ರಂದು ಆರಂಭವಾದ ಮೈಸೂರು–ಚೆನ್ನೈ ವಂದೇ ಭಾರತದಲ್ಲಿ ಗಾಲಿಕುರ್ಚಿಗೆ ಜಾಗ, ಆಸನಗಳಿಗೆ ಬ್ರೈಲ್ ಸಂಖ್ಯೆ ಇವೆ. ಆದರೆ ಆ ಗಾಡಿ ಈ ನಾಲ್ಕು ತಾಲ್ಲೂಕುಗಳ ನಿಲ್ದಾಣಗಳಲ್ಲಿ ನಿಲ್ಲುವಂಥದ್ದಲ್ಲ.

ಮೀಸಲು ಭಾಗದಲ್ಲಿ ಇತರರು ಕುಳಿತಿರುವುದು ಪ್ರಯಾಣಿಕರ ಹಳೆಯ ದೂರು. 1989ರ ರೈಲ್ವೆ ಕಾಯ್ದೆಯ 155ನೇ ಕಲಮು ಇದಕ್ಕೆ 500 ರೂಪಾಯಿವರೆಗೆ ದಂಡ ಹೇಳುತ್ತದೆ.

7. ಜೋಡಿ ಹಳಿ ಮತ್ತು ಮೇಲ್ಸೇತುವೆ

ಬೆಂಗಳೂರು–ಮೈಸೂರು ಮಾರ್ಗದ ಜೋಡಿ ಹಳಿ ಕಾಮಗಾರಿ ಶ್ರೀರಂಗಪಟ್ಟಣದಲ್ಲಿ ಬಹುಕಾಲ ನಿಂತಿತ್ತು. ಟಿಪ್ಪುವಿನ ಕಾಲದ ಮದ್ದಿನಮನೆ ಹಳಿಯ ದಾರಿಗೆ ಅಡ್ಡವಿತ್ತು. ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು 2017ರ ಮಾರ್ಚ್‌ನಲ್ಲಿ ಬುಡಸಮೇತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಲಾಯಿತು. (ತಾಂತ್ರಿಕ ಸಾಧ್ಯತೆ, ಆರ್ಥಿಕ ಸಾಧ್ಯತೆ ಎಂಬ 41ನೇ ಕಲಮಿನ ಮಾತುಗಳನ್ನು ಓದುವಾಗ ಈ ಉದಾಹರಣೆ ನೆನಪಿನಲ್ಲಿರುವುದು ತಪ್ಪಲ್ಲ.)

ಜೋಡಿ ಹಳಿಯಿಂದ ಗಾಡಿಗಳಿಗೆ ಆದ ಅನುಕೂಲದ ಬಗ್ಗೆ ಸಂದೇಹವಿಲ್ಲ. ಪ್ರವೇಶದ ದೃಷ್ಟಿಯಲ್ಲಿ ಅದು ಒಂದು ಹೊಸ ಅಡೆತಡೆಯನ್ನೂ ತಂದಿತು ಎಂಬುದು ಈ ಟಿಪ್ಪಣಿಯ ವಾದ. ಒಂಟಿ ಹಳಿಯಲ್ಲಿ ಎದುರು ಗಾಡಿ ಇಲ್ಲದಿದ್ದಾಗ ಎರಡೂ ದಿಕ್ಕಿನ ಗಾಡಿಗಳನ್ನು ನಿಲ್ದಾಣದ ಕಟ್ಟಡಕ್ಕೆ ಅಂಟಿದ ಪ್ಲಾಟ್‌ಫಾರಂಗೇ ತರಬಹುದು. ಜೋಡಿ ಹಳಿಯಲ್ಲಿ ಒಂದೊಂದು ದಿಕ್ಕಿಗೆ ಒಂದೊಂದು ಹಳಿ. ಬೆಳಿಗ್ಗೆ ಮೈಸೂರಿಗೆ ಹೋಗಿ ಸಂಜೆ ಮರಳುವವರು ಎರಡರಲ್ಲಿ ಒಂದು ಸಲ ಹಳಿ ದಾಟಲೇಬೇಕು. ಆಕಸ್ಮಿಕವಾಗಿದ್ದ ದಾಟುವಿಕೆ ಹೀಗೆ ದಿನನಿತ್ಯದ್ದಾಯಿತು. ಅಕ್ಕಿಹೆಬ್ಬಾಳು, ಮಂದಗೆರೆ, ಬಿ.ಜಿ. ನಗರಗಳ ಒಂಟಿ ಹಳಿಯ ಮಾರ್ಗಗಳಲ್ಲಿ ಈ ತೊಂದರೆ ಇಷ್ಟು ತೀವ್ರವಲ್ಲ. ಮುಂದೆ ಅಲ್ಲೂ ಜೋಡಿ ಹಳಿ ಬಂದಾಗ ನಕ್ಷೆಯ ಹಂತದಲ್ಲೇ ಇದನ್ನು ನೋಡಬೇಕಾಗುತ್ತದೆ.

ದಾಟುವ ದಾರಿ ಪಾದಚಾರಿ ಮೇಲ್ಸೇತುವೆ. 25 ಕಿಲೋವೋಲ್ಟ್ ವಿದ್ಯುತ್ ತಂತಿಯ ಮೇಲೆ ಹಾಯಬೇಕಾದ್ದರಿಂದ ಸೇತುವೆ ಹಳಿಮಟ್ಟದಿಂದ 6 ಮೀಟರಿಗೂ ಹೆಚ್ಚು ಎತ್ತರದಲ್ಲಿರಬೇಕು. ಪ್ಲಾಟ್‌ಫಾರಂನ ಎತ್ತರವನ್ನು ಕಳೆದು, ಸೇತುವೆಯ ದಪ್ಪವನ್ನು ಕೂಡಿಸಿ, ಏರಬೇಕಾದದ್ದು ಸುಮಾರು 6 ಮೀ. ಎಂದು ಹಿಡಿದರೆ 1:12ರ ಇಳಿಜಾರು 72 ಮೀ. ಬೇಕು. ಪ್ರತಿ 750 ಮಿ.ಮೀ. ಏರಿಕೆಗೆ ಒಂದು 1.5 ಮೀಟರಿನ ವಿಶ್ರಾಂತಿ ಕಟ್ಟೆ ಇಟ್ಟರೆ ನಡುವೆ 7 ಕಟ್ಟೆಗಳು, ಒಟ್ಟು 82.5 ಮೀ. ಹತ್ತುವುದಕ್ಕೆ ಅಷ್ಟು, ಇಳಿಯುವುದಕ್ಕೆ ಅಷ್ಟು. ಲಿಫ್ಟ್ ಇದಕ್ಕಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ, ಆದರೆ ಕರೆಂಟು ಮತ್ತು ನಿರ್ವಹಣೆಯನ್ನು ಅವಲಂಬಿಸಿದೆ. ಶ್ರೀರಂಗಪಟ್ಟಣದಲ್ಲಿ ಇನ್ನೊಂದು ತೊಡಕೂ ಸೇರುತ್ತದೆ. ಕೋಟೆಯೊಳಗೆ ಕೇಂದ್ರ ರಕ್ಷಿತ ಸ್ಮಾರಕಗಳು ಹಲವು. 2010ರಲ್ಲಿ ತಿದ್ದುಪಡಿಯಾದ ಸ್ಮಾರಕ ಕಾಯ್ದೆ ಅಂಥ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ, ಅದರಾಚೆಯ 200 ಮೀಟರನ್ನು ನಿಯಂತ್ರಿತ ವಲಯ ಎನ್ನುತ್ತದೆ. ನೂರು ಮೀಟರಿಗೂ ಮೀರಿದ ಇಳಿಜಾರಿನ ಕಟ್ಟಡಕ್ಕೆ ಅಲ್ಲಿ ಅನುಮತಿ ಪಡೆಯುವುದು ಲಿಫ್ಟಿಗೆ ಪಡೆಯುವುದಕ್ಕಿಂತ ಕಷ್ಟವೆಂದು ಊಹಿಸಬಹುದು.

ಉಳಿದ ದಾರಿ ಎಂದರೆ ಪ್ಲಾಟ್‌ಫಾರಂ ತುದಿಯ ಟ್ರಾಲಿ ದಾರಿ. ಸಿಬ್ಬಂದಿಯ ನೆರವಿಲ್ಲದೆ ಹಳಿ ದಾಟಿದರೆ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ 6 ತಿಂಗಳವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮೇಲ್ಸೇತುವೆ ಏರಲಾಗದವರಿಗೆ ಈ ಕಲಮು ವಿನಾಯಿತಿ ಕೊಡುವುದಿಲ್ಲ.

ಆಡಳಿತ ಗಡಿಯೂ ಲೆಕ್ಕಕ್ಕೆ ಬರುತ್ತದೆ. ನೈಋತ್ಯ ರೈಲ್ವೆಯ ಮೈಸೂರು ವಿಭಾಗದ ಕಚೇರಿ ಶ್ರೀರಂಗಪಟ್ಟಣಕ್ಕೆ ಹತ್ತಿರ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ ನಿಲ್ದಾಣಗಳು ಬೆಂಗಳೂರು ವಿಭಾಗಕ್ಕೆ ಸೇರಿವೆ, ಅಕ್ಕಿಹೆಬ್ಬಾಳು ಮೈಸೂರು ವಿಭಾಗಕ್ಕೆ. ಒಂದೇ ಜಿಲ್ಲೆಯ ಅಹವಾಲುಗಳು ಎರಡು ಕಚೇರಿಗಳಿಗೆ ಹಂಚಿಹೋಗುತ್ತವೆ.

8. ಗುರಿ ಮತ್ತು ವರ್ಗ

2015ರ ಡಿಸೆಂಬರ್ 3ರಂದು ಆರಂಭವಾದ ಸುಗಮ್ಯ ಭಾರತ ಅಭಿಯಾನ ಎ1, ಎ ಮತ್ತು ಬಿ ವರ್ಗದ ನಿಲ್ದಾಣಗಳನ್ನು 2016ರ ಜುಲೈಯೊಳಗೆ, ಒಟ್ಟು ನಿಲ್ದಾಣಗಳಲ್ಲಿ ಶೇ 50ನ್ನು 2018ರ ಮಾರ್ಚ್‌ನೊಳಗೆ ಪೂರ್ಣ ಪ್ರವೇಶಯೋಗ್ಯ ಮಾಡುವ ಗುರಿ ಹಾಕಿತು. ನಡುವೆ, 2017ರ ಕೊನೆಯಲ್ಲಿ, ರೈಲ್ವೆ ತನ್ನ ವರ್ಗೀಕರಣವನ್ನೇ ಬದಲಿಸಿತು. ಎ1ರಿಂದ ಎಫ್ ವರೆಗಿನ ಪಟ್ಟಿ ಹೋಗಿ ಉಪನಗರೇತರ 6, ಉಪನಗರ 3, ಹಾಲ್ಟ್ 3 ಎಂಬ ದರ್ಜೆಗಳು ಬಂದವು. ಗುರಿ ಹಳೆಯ ವರ್ಗದಲ್ಲಿ, ಸಾಧನೆಯ ವರದಿ ಹೊಸ ವರ್ಗದಲ್ಲಿ ಇರುವ ಕಡೆ ಎರಡನ್ನೂ ತಾಳೆ ನೋಡದೆ ಪ್ರತಿಶತ ಹೇಳುವುದು ಅಪಾಯಕರ.

ರೈಲ್ವೆಯ ಸೌಲಭ್ಯ ಪಟ್ಟಿಯಲ್ಲೂ ಎರಡು ಭಾಗಗಳಿವೆ. ಪ್ರವೇಶದ್ವಾರದ ಇಳಿಜಾರು, ಮೀಸಲು ಪಾರ್ಕಿಂಗ್, ಜಾರದ ನಡೆದಾರಿ, ಸೂಚನಾ ಫಲಕ, ಒಂದು ಶೌಚಾಲಯ, ಒಂದು ನೀರಿನ ನಲ್ಲಿ, ನೆರವು ಕೇಂದ್ರ, ಇವು ಅಲ್ಪಾವಧಿಯವು. ಪ್ಲಾಟ್‌ಫಾರಂಗಳ ನಡುವಿನ ದಾಟುವ ವ್ಯವಸ್ಥೆ ಮತ್ತು ಅಂಚಿನ ಕೆತ್ತನೆ ದೀರ್ಘಾವಧಿಯವು, ಅವು ಮೊದಲು ದೊಡ್ಡ ನಿಲ್ದಾಣಗಳಿಗೆ. ಈ ಟಿಪ್ಪಣಿಯ ನಿಲ್ದಾಣಗಳಿಗೆ ಹೆಚ್ಚು ಬೇಕಾದವು ದೀರ್ಘಾವಧಿಯ ಆ ಎರಡೇ. ದೃಷ್ಟಿದೋಷವುಳ್ಳವರ ಮಟ್ಟಿಗೆ ಮೈಸೂರು ನಿಲ್ದಾಣದಲ್ಲಿ ಅನುಪ್ರಯಾಸ್ ಎಂಬ ಸಂಸ್ಥೆ ಬ್ರೈಲ್ ನಕ್ಷೆ, ಕೈಹಿಡಿ ಫಲಕಗಳನ್ನು ಹಾಕಿದ್ದು ಗಮನಾರ್ಹ. ಆದರೆ ಬ್ರೈಲ್ ಓದಿ ಹೊರಟವರು ಇಳಿಯುವುದು ಸಣ್ಣ ನಿಲ್ದಾಣದಲ್ಲಿ. ಕಿವುಡರ ತೊಂದರೆ ಇದಕ್ಕೆ ಎದುರಾದದ್ದು. ಪ್ಲಾಟ್‌ಫಾರಂ ಬದಲಾದ ಸುದ್ದಿ ಬರೀ ಧ್ವನಿವರ್ಧಕದಲ್ಲಿ ಬಂದರೆ ಅವರಿಗೆ ಅದು ಬಂದಂತೆಯೇ ಅಲ್ಲ.

9. ರಿಯಾಯಿತಿಯ ವರ್ಗಗಳು

1995ರ ಕಾಯ್ದೆ 7 ಬಗೆಯ ವಿಕಲತೆಗಳನ್ನು, 2011ರ ಗಣತಿ 8ನ್ನು, 2016ರ ಕಾಯ್ದೆ 21ನ್ನು ಹೆಸರಿಸುತ್ತವೆ. ರೈಲ್ವೆ ದರ ರಿಯಾಯಿತಿ ಇರುವುದು 4 ವರ್ಗಗಳಿಗೆ: ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಚಲನ ವಿಕಲರು, ಅಂಥವರೇ ಆದ ಬೌದ್ಧಿಕ ವಿಕಲರು, ಪೂರ್ಣ ಅಂಧರು, ಮಾತು ಮತ್ತು ಶ್ರವಣ ಎರಡೂ ಪೂರ್ಣ ಇಲ್ಲದವರು. ಮೊದಲ ಮೂರು ವರ್ಗಗಳಿಗೆ ಎರಡನೇ ದರ್ಜೆಯಲ್ಲಿ ಶೇ 75, ಕೊನೆಯದಕ್ಕೆ ಶೇ 50, ಮಾಸಿಕ ಪಾಸಿನಲ್ಲಿ ಎಲ್ಲರಿಗೂ ಶೇ 50, ಜೊತೆಗಾರರೊಬ್ಬರಿಗೂ ಅಷ್ಟೇ. 2020ರ ಮಾರ್ಚ್‌ನಲ್ಲಿ ಅನೇಕ ರಿಯಾಯಿತಿಗಳು ನಿಂತಾಗಲೂ ಈ 4 ವರ್ಗಗಳು, 11 ಬಗೆಯ ರೋಗಿಗಳು ಮತ್ತು ವಿದ್ಯಾರ್ಥಿಗಳ ರಿಯಾಯಿತಿ ಉಳಿಯಿತು.

ಎರಡು ಅಸಂಗತಿಗಳಿವೆ. ಮಂದದೃಷ್ಟಿ 1995ರಿಂದಲೂ ಕಾಯ್ದೆಯ ವಿಕಲತೆ, ರಿಯಾಯಿತಿಯ ಪಟ್ಟಿಯಲ್ಲಿ ಅಲ್ಲ. ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಇರುವವರು 2016ರ ಕಾಯ್ದೆಯಲ್ಲಿ ವಿಕಲಚೇತನರು, ರೈಲ್ವೆಯ ಪಟ್ಟಿಯಲ್ಲಿ ರೋಗಿಗಳು. ಹಾಗಾಗಿ ಅವರಿಗೆ ಚಿಕಿತ್ಸೆಯ ಪ್ರಯಾಣಕ್ಕೆ ರಿಯಾಯಿತಿ ಉಂಟು, ಕಾಲೇಜಿಗೋ ಕೆಲಸಕ್ಕೋ ಹೋಗುವಾಗ ಆ ಬಾಬಿನಲ್ಲಿ ಇಲ್ಲ. ಕೆಎಸ್‌ಆರ್‌ಟಿಸಿಯ ವಿಕಲಚೇತನರ ಪಾಸು ವಾಸಸ್ಥಳದಿಂದ 100 ಕಿ.ಮೀ. ಒಳಗೆ ನಡೆಯುತ್ತದೆ, ನಾಲ್ಕೂ ತಾಲ್ಲೂಕುಗಳಿಂದ ಮೈಸೂರು ಆ ಮಿತಿಯೊಳಗಿದೆ. ಬಸ್ಸಿನ ಮೆಟ್ಟಿಲೂ ಸುಲಭವಲ್ಲ, ಆದರೂ ನಿರ್ವಾಹಕರು ಬಾಗಿಲಲ್ಲೇ ಇರುತ್ತಾರೆ. ರೈಲಿನ ಬದಲು ಬಸ್ಸನ್ನು ಆರಿಸಿಕೊಳ್ಳುವವರ ನಿರ್ಧಾರವನ್ನು ‘ರೈಲಿಗೆ ಬೇಡಿಕೆ ಇಲ್ಲ’ ಎಂದು ಓದುವುದು ತಪ್ಪಾದೀತು.

10. ಮುಂದಿನ ಸಮೀಕ್ಷಕರಿಗೆ

ಈ ಭಾಗದ ನಿಲ್ದಾಣಗಳಲ್ಲಿ ಪ್ರವೇಶ ಸಮೀಕ್ಷೆ ಕೈಗೊಳ್ಳುವವರು ‘ರ‍್ಯಾಂಪ್ ಇದೆ/ಇಲ್ಲ’ ಎಂಬ ಕಾಲಂಗಳಿಗೆ ನಿಲ್ಲದೆ ನಾಲ್ಕು ಅಳತೆಗಳನ್ನು ದಾಖಲಿಸಬೇಕೆಂದು ಕೋರಿಕೆ: ಹಳಿಯ ಮೇಲ್ಮಟ್ಟದಿಂದ ಪ್ಲಾಟ್‌ಫಾರಂನ ಎತ್ತರ (ಎರಡು ತುದಿ ಮತ್ತು ನಡುವೆ), ಎಸ್‌ಎಲ್‌ಆರ್‌ಡಿ ಬೋಗಿ ನಿಲ್ಲುವ ಜಾಗದಲ್ಲಿ ಪ್ಲಾಟ್‌ಫಾರಂನಿಂದ ಬೋಗಿಯ ನೆಲಕ್ಕಿರುವ ವ್ಯತ್ಯಾಸ, ಆ ಜಾಗದಿಂದ ಟಿಕೆಟ್ ಕೌಂಟರಿನ ದೂರ, ಗಾಡಿ ನಿಂತ ಸೆಕೆಂಡುಗಳು. ಗಾಡಿಯ ಸಂಖ್ಯೆ, ಬೋಗಿಯ ಬಗೆ, ದಿನಾಂಕ ಜೊತೆಗಿರಲಿ. ಹಳಿ ಅಳೆಯಲು ನಿಲ್ದಾಣಾಧಿಕಾರಿಯ ಅನುಮತಿ ಬೇಕು. ಎತ್ತರದ ಪ್ಲಾಟ್‌ಫಾರಂನಲ್ಲಿ ಎರಡನೆಯ ಅಳತೆ 305 ಮಿ.ಮೀ.ಗಿಂತ ಕಡಿಮೆ ಬಂದರೆ ಪ್ಲಾಟ್‌ಫಾರಂ, ಬೋಗಿ ಎರಡರಲ್ಲಿ ಒಂದಾದರೂ ಅಳತೆಪಟ್ಟಿಯ ಹೊರಗಿದೆ ಎಂದರ್ಥ. ಅಂಥ ನಮೂದುಗಳನ್ನು ಬೇರೆಯಾಗಿ ಪಟ್ಟಿ ಮಾಡುವುದು ಒಳ್ಳೆಯದು.